ಮೊಣಕೈ ಮುರಿತ: ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್‌ನಲ್ಲಿ ಎಲ್ಲಿ ನೋಡಬೇಕು, ಏನು ನೋಡಬೇಕು

ಬಿದ್ದು ಮೊಣಕೈ ಊದಿಸಿಕೊಂಡು ಬಂದ ಮಗುವಿನ ಕೈಗೆ ಪ್ರೋಬ್ (ಅಲ್ಟ್ರಾಸೌಂಡ್ ಯಂತ್ರದ, ಮೈಮೇಲಿಟ್ಟು ನೋಡುವ ಭಾಗ) ಇಟ್ಟ ಕೂಡಲೇ ಹೊಸಬರು ಮೂಳೆಯ ಬಿರುಕನ್ನು ಹುಡುಕಲು ಶುರು ಮಾಡುತ್ತಾರೆ. ಹುಡುಕಬೇಕಾದದ್ದು ಅದಲ್ಲ. ಮಕ್ಕಳ ಮೊಣಕೈ ಹೆಚ್ಚಿನ ಪಾಲು ಇನ್ನೂ ಕಾರ್ಟಿಲೇಜ್ (ಮೂಳೆಯಾಗದ ಮೃದ್ವಸ್ಥಿ) ಆಗಿರುತ್ತದೆ, ಮೂಳೆಯ ಅಂಚುಗಳು ಸಹಜವಾಗಿಯೇ ಅಲ್ಲಲ್ಲಿ ತುಂಡಾದಂತೆ ಕಾಣುತ್ತವೆ, ಸಣ್ಣ ಬಿರುಕು ಕಣ್ಣಿಗೆ ಬೀಳುವುದು ಅದೃಷ್ಟದ ಮಾತು. ಕೇಳಬೇಕಾದ ಪ್ರಶ್ನೆ ಒಂದೇ: ಮೊಣಕೈ ಹಿಂಭಾಗದ ಫ್ಯಾಟ್ ಪ್ಯಾಡ್, ಅಂದರೆ ಕೊಬ್ಬಿನ ಮೆತ್ತೆ, ತನ್ನ ಗುಳಿಯೊಳಗೇ ಇದೆಯೋ, ಮೇಲಕ್ಕೆದ್ದಿದೆಯೋ?

ತೋಳಿನ ಮೂಳೆಯಾದ ಹ್ಯೂಮರಸ್‌ನ ಕೆಳತುದಿಯಲ್ಲಿ, ಹಿಂಬದಿಗೆ, ಒಲೆಕ್ರಾನನ್ ಗುಳಿ ಇದೆ. ಅದರೊಳಗೆ ಒಂದು ಕೊಬ್ಬಿನ ಮೆತ್ತೆ ಕೂತಿರುತ್ತದೆ. ಅದರ ಜಾಗ ಕ್ಯಾಪ್ಸೂಲಿನ (ಕೀಲನ್ನು ಸುತ್ತಿದ ಚೀಲದ) ಒಳಗೆ, ಆದರೆ ಅದರ ಒಳಪದರವಾದ ಸೈನೋವಿಯಮ್ ಪೊರೆಯ ಹೊರಗೆ. ಕ್ಯಾಪ್ಸೂಲಿನೊಳಗೆ ಮೂಳೆ ಮುರಿದರೆ ಕೀಲಿನಲ್ಲಿ ರಕ್ತ ತುಂಬುತ್ತದೆ, ಆ ರಕ್ತ ಮೆತ್ತೆಯನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ. ಎಕ್ಸ್‌ರೇಯ ಪಾರ್ಶ್ವ ನೋಟದಲ್ಲಿ ನಾವು ಹುಡುಕುವ ಹಿಂಭಾಗದ ಫ್ಯಾಟ್ ಪ್ಯಾಡ್ ಚಿಹ್ನೆಯೂ ಇದೇ. ವ್ಯತ್ಯಾಸವೆಂದರೆ ಎಕ್ಸ್‌ರೇಯಲ್ಲಿ ಅದು ಕಾಣಲು ಕೀಲಿನಲ್ಲಿ 5ರಿಂದ 10 ಮಿ.ಲೀ. ದ್ರವ ಬೇಕು, ಕೈ ಸರಿಯಾದ ಪಾರ್ಶ್ವ ಭಂಗಿಯಲ್ಲಿಯೂ ಇರಬೇಕು. ಅಲ್ಟ್ರಾಸೌಂಡ್‌ಗೆ 1ರಿಂದ 3 ಮಿ.ಲೀ. ಸಾಕು, ಭಂಗಿಯನ್ನು ನೀವೇ ಸರಿಪಡಿಸಿಕೊಳ್ಳಬಹುದು.

ಇದರ ಬಲ ಎಷ್ಟು, ದೌರ್ಬಲ್ಯ ಎಷ್ಟು ಎಂಬುದನ್ನು ಮೊದಲೇ ತಿಳಿದಿರಬೇಕು. 2013ರಲ್ಲಿ ಆನಲ್ಸ್ ಆಫ್ ಎಮರ್ಜೆನ್ಸಿ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 130 ಎಳೆಯರನ್ನು ತುರ್ತು ವೈದ್ಯರೇ ಸ್ಕ್ಯಾನ್ ಮಾಡಿದ್ದರು. ಅವರಲ್ಲಿ 43 ಮಂದಿಗೆ ಮುರಿತವಿತ್ತು. ಸ್ಕ್ಯಾನ್‌ನ ಸೆನ್ಸಿಟಿವಿಟಿ (ಮುರಿತವಿದ್ದವರನ್ನು ಹಿಡಿದ ಪ್ರಮಾಣ) ಶೇ. 98, ಸ್ಪೆಸಿಫಿಸಿಟಿ (ಮುರಿತವಿಲ್ಲದವರನ್ನು ಇಲ್ಲವೆಂದು ಹೇಳಿದ ಪ್ರಮಾಣ) ಶೇ. 70. ಅಂದರೆ ‘ಮೆತ್ತೆ ಎದ್ದಿಲ್ಲ’ ಎಂಬ ಉತ್ತರವನ್ನು ಬಹಳ ಮಟ್ಟಿಗೆ ನಂಬಬಹುದು. ‘ಎದ್ದಿದೆ’ ಎಂದರೆ ಮುರಿತ ಖಚಿತ ಎಂದಲ್ಲ, ಎಕ್ಸ್‌ರೇ ಬೇಕೇ ಬೇಕು ಎಂದಷ್ಟೇ. ಈ ಪರೀಕ್ಷೆಯನ್ನು ಮುರಿತ ಹಿಡಿಯಲು ಮಾಡುತ್ತೇವೆ ಎನ್ನುವುದಕ್ಕಿಂತ ಮುರಿತ ಇಲ್ಲವೆಂದು ಹೇಳಲು ಮಾಡುತ್ತೇವೆ ಎನ್ನುವುದೇ ಹೆಚ್ಚು ಸರಿ.

ಪ್ರೋಬ್ ಕೈಗೆತ್ತಿಕೊಳ್ಳುವ ಮೊದಲು

ಕೈ ಸೊಟ್ಟಗಾಗಿದ್ದರೆ, ಚರ್ಮ ಹರಿದು ಮೂಳೆ ಕಾಣುತ್ತಿದ್ದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ ಸ್ಕ್ಯಾನ್ ಮಾಡುತ್ತಾ ಕೂರಬೇಡಿ. ಅಲ್ಲಿ ಉತ್ತರ ಆಗಲೇ ಸಿಕ್ಕಿದೆ. ನೋವು ಕಡಿಮೆ ಮಾಡಿ, ಕೈಯನ್ನು ಸ್ಪ್ಲಿಂಟ್‌ನಲ್ಲಿಟ್ಟು ಆರ್ಥೋ (ಮೂಳೆ ವೈದ್ಯರ) ತಂಡವನ್ನು ಕರೆಯಿರಿ.

ಉಳಿದವರಲ್ಲಿ ಮೊದಲು ನರ ಮತ್ತು ರಕ್ತನಾಳ ನೋಡಿ, ಚೀಟಿಯಲ್ಲಿ ಬರೆದಿಡಿ. ಬೆರಳುಗಳು ಬೆಚ್ಚಗಿವೆಯೇ, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆಯೇ ಎಂದು ನೋಡಿ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕೂಡಿಸಿ ದುಂಡಗೆ ಉಂಗುರ ಮಾಡಲು ಹೇಳಿ. ಉಂಗುರ ಚಪ್ಪಟೆಯಾಗಿ ಬಂದರೆ ಆಂಟೀರಿಯರ್ ಇಂಟರೋಸಿಯಸ್ ನರಕ್ಕೆ ಪೆಟ್ಟಾಗಿರಬಹುದು. ಸುಪ್ರಾಕಾಂಡೈಲರ್ ಮುರಿತದಲ್ಲಿ (ಮೊಣಕೈಗೆ ತುಸು ಮೇಲೆ ಹ್ಯೂಮರಸ್ ಮುರಿಯುವುದು) ಹೆಚ್ಚಾಗಿ ಸಿಕ್ಕಿಬೀಳುವುದು ಅದೇ, ಚರ್ಮದ ಸ್ಪರ್ಶ ಅದರಿಂದ ಕೆಡದ ಕಾರಣ ಕೇಳದೆ ಗೊತ್ತಾಗುವುದಿಲ್ಲ. ಹೆಬ್ಬೆರಳು ಮೇಲಕ್ಕೆತ್ತಿದರೆ ರೇಡಿಯಲ್ ನರ ಸರಿ, ಬೆರಳುಗಳನ್ನು ಅಗಲಿಸಿದರೆ ಅಲ್ನರ್ ಸರಿ.

ನೋವಿನ ಮದ್ದು ಸ್ಕ್ಯಾನ್‌ಗೆ ಮುಂಚೆಯೇ ಕೊಡಿ. ಐಬುಪ್ರೊಫೆನ್ ಕೆ.ಜಿ.ಗೆ 10 ಮಿ.ಗ್ರಾಂ., ಅಥವಾ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ. ತೀರಾ ನೋವಿದ್ದರೆ ಮೂಗಿನೊಳಗೆ ಫೆಂಟನಿಲ್, ಕೆ.ಜಿ.ಗೆ 1.5 ಮೈಕ್ರೊಗ್ರಾಂ. ಅಳುತ್ತಾ ಕೈ ಕೊಸರುವ ಮಗುವಿನಲ್ಲಿ ಒಳ್ಳೆಯ ಚಿತ್ರ ಬರುವುದಿಲ್ಲ. ಕೆಟ್ಟ ಚಿತ್ರ ಇಟ್ಟುಕೊಂಡು ‘ಎದ್ದಿಲ್ಲ’ ಎಂದು ಬರೆಯುವುದಕ್ಕಿಂತ ಸ್ಕ್ಯಾನ್ ಮಾಡದಿರುವುದೇ ಲೇಸು.

ಮಾತು ಕೇಳುವ ವಯಸ್ಸಿನವರಾದರೆ ಕೂರಿಸಿ, ಅಂಗೈ ಮೇಲೆ ಮಾಡಿ, ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ ಮೊಣಕೈ ಪೂರ್ತಿ ನೇರ ಮಾಡಲು ಹೇಳಿ. 2008ರಲ್ಲಿ 1,740 ಜನರಲ್ಲಿ ನಡೆದ ಅಧ್ಯಯನದಲ್ಲಿ ಪೂರ್ತಿ ನೇರ ಮಾಡಿದ ದೊಡ್ಡವರಲ್ಲಿ ಶೇ. 98.4, ಮಕ್ಕಳಲ್ಲಿ ಶೇ. 95.8 ಮಂದಿಗೆ ಮುರಿತ ಇರಲಿಲ್ಲ. ನೇರ ಮಾಡಲಾಗದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮುರಿತವಿತ್ತು. ಪ್ರೋಬ್ ಹೆಚ್ಚು ಉಪಯೋಗಕ್ಕೆ ಬರುವುದು ಈ ಎರಡನೇ ಗುಂಪಿನಲ್ಲಿ.

ಯಂತ್ರ, ಜೆಲ್, ಭಂಗಿ

ಲೀನಿಯರ್ ಪ್ರೋಬ್, 10 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚು. ಎರಡು ಮೂರು ವರ್ಷದ ಮಗುವಿಗೆ ಹಾಕಿ ಕೋಲಿನ ಆಕಾರದ ಚಿಕ್ಕ ‘ಹಾಕಿ ಸ್ಟಿಕ್’ ಪ್ರೋಬ್ ಇದ್ದರೆ ಕೆಲಸ ಸಲೀಸು, ಇಲ್ಲದಿದ್ದರೆ ಸಾಮಾನ್ಯ ಲೀನಿಯರ್‌ನಲ್ಲೇ ಆಗುತ್ತದೆ. ಯಂತ್ರದಲ್ಲಿ ಮಸ್ಕ್ಯುಲೋಸ್ಕೆಲಿಟಲ್ (ಸ್ನಾಯು-ಮೂಳೆ) ಪ್ರಿಸೆಟ್ ಆರಿಸಿ. ಡೆಪ್ತ್ ಚಿಕ್ಕ ಮಕ್ಕಳಿಗೆ 2ರಿಂದ 3 ಸೆಂ.ಮೀ., ದೊಡ್ಡವರಿಗೆ 4 ಸೆಂ.ಮೀ. ಫೋಕಸ್ ಗುಳಿಯ ಮಟ್ಟದಲ್ಲಿರಲಿ. ಗೇನ್ (ಚಿತ್ರದ ಬೆಳಕು) ಹೆಚ್ಚಾದರೆ ರಕ್ತವೂ ಕೊಬ್ಬೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತವೆ, ಆದ್ದರಿಂದ ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ.

ಭಂಗಿಯಲ್ಲಿ ರಾಜಿ ಬೇಡ. ಮೊಣಕೈ 90 ಡಿಗ್ರಿ ಮಡಚಿರಬೇಕು. ಕೈ ನೇರವಾಗಿದ್ದರೆ ಮೊಣಕೈ ತುದಿಯ ಒಲೆಕ್ರಾನನ್ ಮೂಳೆ ಬಂದು ಗುಳಿಯೊಳಗೆ ಕೂರುತ್ತದೆ, ಮೆತ್ತೆಗೆ ಜಾಗವಿಲ್ಲದೆ ಅದು ಹೊರಗೆ ಬರುತ್ತದೆ. ಏನೂ ಆಗದ ಮೊಣಕೈಯಲ್ಲೂ ಫ್ಯಾಟ್ ಪ್ಯಾಡ್ ಎದ್ದಂತೆ ಕಾಣುವುದು ಹೀಗೆ. ತೀರಾ ಹೆಚ್ಚು ಮಡಚಿದರೂ ಕಷ್ಟ: ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯು ಬಿಗಿಯಾಗಿ ಮೆತ್ತೆಯನ್ನು ಒಳಕ್ಕೆ ಒತ್ತಿಬಿಡುತ್ತದೆ. ನೋವಿನಿಂದಾಗಿ 90ಕ್ಕೆ ತರಲಾಗದಿದ್ದರೆ ಬಲವಂತ ಮಾಡಬೇಡಿ. ಎಷ್ಟು ಮಡಚಲಾಯಿತು ಎಂದು ಬರೆದು, ಅಂಥ ಸ್ಕ್ಯಾನ್‌ನಲ್ಲಿ ಪ್ಯಾಡ್ ಎದ್ದಂತೆ ಕಂಡರೆ ಅದಕ್ಕೆ ಕಡಿಮೆ ತೂಕ ಕೊಡಿ.

ಚಿಕ್ಕ ಮಗುವನ್ನು ತಾಯಿಯ ಅಥವಾ ತಂದೆಯ ತೊಡೆಯ ಮೇಲೆ ಕೂರಿಸಿ, ನೋವಿರುವ ಕೈ ಹೊರಬದಿಗೆ ಬರಲಿ. ಮುಂದೋಳು ಮಗುವಿನ ಹೊಟ್ಟೆಯ ಮೇಲೆ ಅಡ್ಡಲಾಗಿ, ಕೆಳಗೊಂದು ದಿಂಬಿನ ಆಸರೆಯಲ್ಲಿರಲಿ. ನೀವು ಹಿಂಬದಿಯಲ್ಲಿ ಕೂತುಕೊಳ್ಳಿ, ಯಂತ್ರದ ಪರದೆ ನಿಮ್ಮ ಕಣ್ಣಿಗೆ ನೇರವಾಗಿರಲಿ. ಮಲಗಿರುವವರಾದರೆ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟರೆ ಸಾಕು.

ಜೆಲ್‌ಗೆ ಜಿಪುಣತನ ಬೇಡ, ರಾಶಿಯಾಗಿಯೇ ಹಾಕಿ. ಪ್ರೋಬ್ ಆ ರಾಶಿಯ ಮೇಲೆ ತೇಲುತ್ತಿರಬೇಕು. ಚಿತ್ರದ ಮೇಲಂಚಿನಲ್ಲಿ, ಚರ್ಮಕ್ಕೂ ಪ್ರೋಬ್‌ಗೂ ನಡುವೆ, ಜೆಲ್‌ನ ತೆಳು ಕಪ್ಪು ಪಟ್ಟಿ ಕಾಣುತ್ತಿದ್ದರೆ ನೀವು ಒತ್ತುತ್ತಿಲ್ಲ ಎಂದರ್ಥ. ಪ್ರೋಬ್ ಹಿಡಿದ ಕೈಯ ಕಿರುಬೆರಳನ್ನು ಮಗುವಿನ ತೋಳಿನ ಮೇಲ್ಭಾಗಕ್ಕೆ, ನೋವಿಲ್ಲದ ಕಡೆಗೆ ಊರಿ. ಮುಟ್ಟಿಸಿಕೊಳ್ಳಲೂ ಆಗದಷ್ಟು ನೋವಿದ್ದರೆ ಮೊಣಕೈಯನ್ನು ಬೆಚ್ಚನೆ ನೀರಿನ ತಟ್ಟೆಯಲ್ಲಿ ಮುಳುಗಿಸಿ, ಚರ್ಮಕ್ಕೆ ತಾಗಿಸದೆ ಸುಮಾರು ಒಂದು ಸೆಂ.ಮೀ. ದೂರದಿಂದಲೇ ನೋಡಬಹುದು. ಪ್ರೋಬ್ ಎಲ್ಲಿವರೆಗೆ ನೀರಿಗಿಳಿಯಬಹುದು ಎಂದು ಯಂತ್ರದ ಕೈಪಿಡಿ ನೋಡಿಕೊಳ್ಳಿ.

ಮೊದಲು ನೋವಿಲ್ಲದ ಮೊಣಕೈ ಸ್ಕ್ಯಾನ್ ಮಾಡಿ. ಇದರಿಂದ ನೋವಾಗುವುದಿಲ್ಲವೆಂದು ಮಗುವಿಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಮಗುವಿನಲ್ಲಿ, ಈ ವಯಸ್ಸಿನಲ್ಲಿ ಸಹಜ ಚಿತ್ರ ಹೇಗಿರುತ್ತದೆ ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಉದ್ದ ನೋಟ

ಮೊಣಕೈ ತುದಿಗೆ ಸ್ವಲ್ಪ ಮೇಲೆ, ತೋಳಿನ ಹಿಂಬದಿಯ ನಡುಗೆರೆಯಲ್ಲಿ ಪ್ರೋಬ್ ಅನ್ನು ಉದ್ದುದ್ದ ಇಡಿ, ಗುರುತು ತಲೆಯ ಕಡೆಗೆ. ಮೇಲಿನಿಂದ ಕೆಳಕ್ಕೆ ಚರ್ಮ, ಅದರಡಿಯ ಕೊಬ್ಬು, ಟ್ರೈಸೆಪ್ಸ್, ಅದರ ಕೆಳಗೆ ಹೊಳೆಯುವ ಬಿಳಿ ಗೆರೆಯಾಗಿ ಹ್ಯೂಮರಸ್‌ನ ಕಾರ್ಟೆಕ್ಸ್ (ಮೂಳೆಯ ಹೊರಪದರ) ಕಾಣುತ್ತದೆ. ಆ ಗೆರೆ ಮಬ್ಬಾಗಿದ್ದರೆ ಮುಂದೆ ಹೋಗಬೇಡಿ. ಪ್ರೋಬ್ ಬಾಲವನ್ನು ಅತ್ತಿತ್ತ ತುಸು ಬಾಗಿಸಿ, ಗೆರೆ ಚುರುಕಾಗುವವರೆಗೂ ಹೊಂದಿಸಿ. ಓರೆಯಾಗಿ ಬಂದ ಗೆರೆಯಿಂದ ಅಳೆದದ್ದೆಲ್ಲ ತಪ್ಪಾಗುತ್ತದೆ.

ಈಗ ಮೆಲ್ಲಗೆ ಕೆಳಕ್ಕೆ ಜಾರಿಸಿ. ಬಿಳಿ ಗೆರೆ ಇದ್ದಕ್ಕಿದ್ದಂತೆ ಒಳಕ್ಕೆ ಇಳಿಯುವ ಕಡೆಯೇ ಗುಳಿ. ಅದರಲ್ಲಿ ಬೂದು ಬಣ್ಣದ, ಒಳಗೆ ಬಿಳಿ ಎಳೆಗಳಿರುವ ಫ್ಯಾಟ್ ಪ್ಯಾಡ್ ತುಂಬಿರುತ್ತದೆ. ಹ್ಯೂಮರಸ್‌ನ ಗೆರೆಯನ್ನು ಅದೇ ಓರೆಯಲ್ಲಿ ಗುಳಿಯ ಮೇಲೆ ಹಾಯಿಸಿ ಎಳೆದಿದ್ದೇವೆಂದು ಅಂದುಕೊಳ್ಳಿ. ಪ್ಯಾಡ್ ಆ ಗೆರೆಯ ಮಟ್ಟಕ್ಕೋ ಅದರ ಕೆಳಗೋ ಇದ್ದರೆ ಸಹಜ. ಗೆರೆ ದಾಟಿ ಟ್ರೈಸೆಪ್ಸ್ ಅನ್ನು ಮೇಲಕ್ಕೆ ಉಬ್ಬಿಸಿದ್ದರೆ ಎದ್ದಿದೆ ಎಂದರ್ಥ. ನಡುಗೆರೆಯಲ್ಲಿ ಒಂದೇ ಕಡೆ ನೋಡಿ ಮುಗಿಸಬೇಡಿ: ಒಳಬದಿಗೂ ಹೊರಬದಿಗೂ ಗುಳಿಯ ಅಂಚು ಸಿಗುವವರೆಗೆ ಜಾರಿಸಿ. ಸ್ವಲ್ಪವೇ ರಕ್ತವಿದ್ದರೆ ಅದು ಒಂದು ಬದಿಯಲ್ಲೇ ನಿಂತಿರಬಹುದು.

ಅಡ್ಡ ನೋಟ

ಅದೇ ಜಾಗದಲ್ಲಿ ಪ್ರೋಬ್ ಅನ್ನು 90 ಡಿಗ್ರಿ ತಿರುಗಿಸಿ. ಹ್ಯೂಮರಸ್ ಈಗ ಬಟ್ಟಲಿನಂತೆ ಕಾಣುತ್ತದೆ: ಎರಡು ಬದಿಗೆ ಎತ್ತರದ ಅಂಚು, ನಡುವೆ ಗುಳಿ, ಗುಳಿಯಲ್ಲಿ ಪ್ಯಾಡ್. ಎರಡು ಅಂಚುಗಳ ತುದಿಯನ್ನು ಕೂಡಿಸುವ ಗೆರೆಯೇ ಇಲ್ಲಿನ ಅಳತೆಗೋಲು.

ಇಲ್ಲಿ ತಪ್ಪಾಗುವುದು ಮಟ್ಟ ಆರಿಸುವುದರಲ್ಲಿ. ತುಂಬಾ ಮೇಲೆ ಇಟ್ಟರೆ ಗುಳಿಯೇ ಆಳವಿಲ್ಲದೆ ಪ್ಯಾಡ್ ಗೆರೆಯ ಮೇಲಿದ್ದಂತೆ ಕಾಣುತ್ತದೆ. ತುಂಬಾ ಕೆಳಗೆ ಬಂದರೆ ಒಲೆಕ್ರಾನನ್ ಚಿತ್ರದೊಳಗೆ ನುಗ್ಗುತ್ತದೆ. ನಾಲ್ಕು ಸೆಂ.ಮೀ. ಮೇಲಿನಿಂದ ಶುರು ಮಾಡಿ ಕೆಳಕ್ಕೆ ಒಂದೇ ಸಮನೆ ಜಾರಿಸಿ, ಬಟ್ಟಲು ಅತಿ ಆಳವಾಗಿ ಕಾಣುವ ಮಟ್ಟಕ್ಕೆ ಹಿಂದಿರುಗಿ ಅಲ್ಲಿ ನಿರ್ಧರಿಸಿ. ಈ ಜಾರಿಕೆಯನ್ನು ಕ್ಲಿಪ್ ಆಗಿ ಉಳಿಸಿದರೆ, ಆಮೇಲೆ ನೋಡುವವರಿಗೆ ಸ್ಥಿರ ಚಿತ್ರಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

ಎರಡನೇ ಚಿಹ್ನೆ ಲಿಪೋಹೀಮಾರ್ಥ್ರೋಸಿಸ್. ಮುರಿದ ಮೂಳೆಯ ಮಜ್ಜೆಯಿಂದ ಬಂದ ಕೊಬ್ಬು ರಕ್ತದೊಂದಿಗೆ ಬೆರೆತು ಗುಳಿಯಲ್ಲಿ ನಿಂತಿರುತ್ತದೆ. ಕಪ್ಪು ದ್ರವದೊಳಗೆ ಬಿಳಿ ಚುಕ್ಕಿಗಳು, ಕೆಲವೊಮ್ಮೆ ಪದರ ಪದರವಾಗಿ. ಪ್ರೋಬ್ ಅಲ್ಲಾಡಿಸದೆ ಹಿಡಿದು ನೋಡಿದರೆ ಚುಕ್ಕಿಗಳು ತೇಲಾಡುವುದೂ ಉಂಟು. ಪ್ಯಾಡ್ ಎದ್ದಿರುವುದು ಅಥವಾ ಈ ದ್ರವ ಇರುವುದು, ಎರಡರಲ್ಲಿ ಒಂದಿದ್ದರೂ ಸ್ಕ್ಯಾನ್ ಪಾಸಿಟಿವ್. ಹೆಪ್ಪುಗಟ್ಟುತ್ತಿರುವ ರಕ್ತ ಕೊಬ್ಬಿನಷ್ಟೇ ಬೂದಾಗಿ ಕಾಣಬಹುದು. ಆಗ ಬಣ್ಣಕ್ಕಿಂತ ಪ್ಯಾಡ್‌ನ ಮಟ್ಟವನ್ನೇ ನಂಬಿ.

ಕಣ್ಣಿಗೆ ಮೋಸ ಮಾಡುವವು

ಮಕ್ಕಳಲ್ಲಿ ಟ್ರಾಕ್ಲಿಯಾದ (ಹ್ಯೂಮರಸ್ ಕೆಳತುದಿಯ ಒಳಬದಿಯ ಭಾಗ) ಮೇಲೆ ಕಪ್ಪು ಪಟ್ಟಿಯಾಗಿ ಕಾಣುವುದು ದ್ರವವಲ್ಲ, ಕಾರ್ಟಿಲೇಜ್. ಅದು ಮೂಳೆಯ ಆಕಾರಕ್ಕೆ ಅಂಟಿಕೊಂಡು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ದಪ್ಪಕ್ಕಿರುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ದ್ರವ ಗುಳಿಯ ತಳದಲ್ಲಿ ಕೂತು ಪ್ಯಾಡ್‌ಗೂ ಮೂಳೆಗೂ ನಡುವೆ ಅಂತರ ಮಾಡುತ್ತದೆ.

ಬೆಳವಣಿಗೆಯ ಪಟ್ಟಿ, ಅಂದರೆ ಫೈಸಿಸ್, ಕಾರ್ಟೆಕ್ಸ್‌ನಲ್ಲಿ ಬಿರುಕಿನಂತೆ ಕಾಣುತ್ತದೆ. ಕಾರ್ಟಿಲೇಜ್ ಮೂಳೆಯಾಗಿ ಕಾಣಿಸಿಕೊಳ್ಳುವ ಕ್ರಮ ನೆನಪಿದ್ದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ: ಕ್ಯಾಪಿಟೆಲಮ್ (ಹ್ಯೂಮರಸ್ ಕೆಳತುದಿಯ ಹೊರಬದಿಯ ಭಾಗ) ಸುಮಾರು 1 ವರ್ಷಕ್ಕೆ, ರೇಡಿಯಲ್ ಹೆಡ್ (ಮುಂದೋಳಿನ ರೇಡಿಯಸ್ ಮೂಳೆಯ ಮೇಲ್ತುದಿ) 3ಕ್ಕೆ, ಮೀಡಿಯಲ್ ಎಪಿಕಾಂಡೈಲ್ 5ಕ್ಕೆ, ಟ್ರಾಕ್ಲಿಯಾ 7ಕ್ಕೆ, ಒಲೆಕ್ರಾನನ್ 9ಕ್ಕೆ, ಲ್ಯಾಟರಲ್ ಎಪಿಕಾಂಡೈಲ್ 11ಕ್ಕೆ. ಹೆಣ್ಣುಮಕ್ಕಳಲ್ಲಿ ಇದು ಸ್ವಲ್ಪ ಬೇಗ. ಉಳಿದರ್ಧ ಗೊಂದಲಕ್ಕೆ ಇನ್ನೊಂದು ಕೈಯ ಚಿತ್ರವೇ ಮದ್ದು.

ಟ್ರೈಸೆಪ್ಸ್‌ನ ಸ್ನಾಯುರಜ್ಜುವಿಗೆ ಪ್ರೋಬ್ ಓರೆಯಾಗಿ ಬಿದ್ದರೆ ಅದು ಕಪ್ಪಾಗಿ ಕಂಡು ದ್ರವವೆಂಬ ಭ್ರಮೆ ಹುಟ್ಟಿಸುತ್ತದೆ. ಕೋನ ಬದಲಿಸಿದಾಗ ಬೆಳ್ಳಗಾದರೆ ಅದು ರಜ್ಜು. ಮೊಣಕೈ ತುದಿಯ ಚರ್ಮದಡಿಯಲ್ಲೇ ದ್ರವವಿದ್ದರೆ ಅದು ಒಲೆಕ್ರಾನನ್ ಬರ್ಸಾ ಎಂಬ ಚರ್ಮದಡಿಯ ಚೀಲದ್ದು, ಕೀಲಿಗೆ ಸಂಬಂಧವಿಲ್ಲ: ಅದು ಟ್ರೈಸೆಪ್ಸ್‌ಗಿಂತ ಮೇಲಿರುತ್ತದೆ.

ಇವೆಲ್ಲ ಇಲ್ಲದ್ದನ್ನು ಇದೆ ಎನ್ನಿಸುವ ತಪ್ಪುಗಳು. ಇದ್ದದ್ದನ್ನು ಇಲ್ಲವೆನ್ನಿಸುವ ತಪ್ಪು ಹೆಚ್ಚು ಅಪಾಯದ್ದು, ಮತ್ತು ಅದಕ್ಕೆ ಮುಖ್ಯ ಕಾರಣ ಪ್ರೋಬ್‌ನ ಒತ್ತಡ. ಒಂದೆರಡು ಮಿ.ಲೀ. ದ್ರವವನ್ನು ಗುಳಿಯಿಂದ ಆಚೆ ನೂಕಲು ಸ್ವಲ್ಪ ಒತ್ತಿದರೂ ಸಾಕು.

ಪ್ಯಾಡ್ ಎದ್ದಿಲ್ಲದಿದ್ದರೂ ಮುರಿತವಿರುವ ಸಂದರ್ಭಗಳು

ಪ್ಯಾಡ್ ಹೇಳುವುದು ಕೀಲಿನೊಳಗಿನ ಸುದ್ದಿ ಮಾತ್ರ. ಕ್ಯಾಪ್ಸೂಲಿನ ಹೊರಗೆ ಮುರಿದರೆ ಕೀಲಿನಲ್ಲಿ ರಕ್ತ ಸೇರುವುದಿಲ್ಲ, ಪ್ಯಾಡ್ ಕದಲುವುದಿಲ್ಲ. ರೇಡಿಯಸ್‌ನ ಕುತ್ತಿಗೆಯ ಕೆಲವು ಮುರಿತಗಳು, ದೊಡ್ಡ ಮಕ್ಕಳಲ್ಲಿ ಮೀಡಿಯಲ್ ಎಪಿಕಾಂಡೈಲ್ ಮುರಿತ ಈ ಜಾತಿಯವು. ಮೊಣಕೈ ತಪ್ಪಿ ತಾನೇ ಮತ್ತೆ ಕೂತಿದ್ದರೆ ಕ್ಯಾಪ್ಸೂಲ್ ಹರಿದು ರಕ್ತವೆಲ್ಲ ಹೊರಗಿನ ಸ್ನಾಯುಗಳಿಗೆ ಸೋರಿರಬಹುದು, ಆಗಲೂ ಪ್ಯಾಡ್ ತನ್ನ ಜಾಗದಲ್ಲೇ ಇರುತ್ತದೆ.

ಹಾಗಾಗಿ ಸ್ಕ್ಯಾನ್ ಮುಗಿದ ಮೇಲೆ ಬೆರಳಿನಿಂದ ಒಂದೊಂದೇ ಮೂಳೆಯ ಉಬ್ಬನ್ನು ಒತ್ತಿ ನೋಡಿ. ಒಂದೇ ಬಿಂದುವಿನಲ್ಲಿ ತೀವ್ರ ನೋವಿದ್ದರೆ ಪ್ಯಾಡ್ ಏನೇ ಹೇಳಲಿ, ಎಕ್ಸ್‌ರೇ ಮಾಡಿಸಿ. ಅದೇ ಜಾಗದಲ್ಲಿ ಪ್ರೋಬ್ ಉದ್ದುದ್ದ ಇಟ್ಟು ಕಾರ್ಟೆಕ್ಸ್ ಗೆರೆಯಲ್ಲಿ ಮೆಟ್ಟಿಲೋ ಅಂತರವೋ ಇದೆಯೇ ಎಂದೂ ನೋಡಬಹುದು. ಹೊರಬದಿಯಲ್ಲಿ ಕ್ಯಾಪಿಟೆಲಮ್ ಮತ್ತು ರೇಡಿಯಲ್ ಹೆಡ್ ಒಂದೇ ಚಿತ್ರದಲ್ಲಿ ಬರುವಂತೆ ಇಟ್ಟು, ಮುಂದೋಳನ್ನು ಮೆಲ್ಲಗೆ ತಿರುಗಿಸಿದರೆ ರೇಡಿಯಸ್‌ನ ಕುತ್ತಿಗೆ ಸುತ್ತಲೂ ಕಾಣಸಿಗುತ್ತದೆ. ಮೆಟ್ಟಿಲು ಕಂಡರೆ ಅದು ಮಾಹಿತಿ. ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಹಾಗೆಯೇ ಭುಜದಿಂದ ಮಣಿಕಟ್ಟಿನವರೆಗೆ ಕೈ ಸವರಿ ನೋಡಿ, ಮುಂದೋಳಿನ ಮುರಿತ ಜೊತೆಗೇ ಬಂದಿರುವುದುಂಟು.

ಕೈ ಎಳೆದಾಗ ತಪ್ಪಿದ ಮೊಣಕೈ

ಒಂದರಿಂದ ನಾಲ್ಕು ವರ್ಷದ ಮಗು, ಯಾರೋ ಕೈ ಹಿಡಿದು ಎಳೆದಿದ್ದಾರೆ, ಊತವಿಲ್ಲ, ಕೈಯನ್ನು ತುಸು ಮಡಚಿ ಅಂಗೈ ಒಳಗೆ ತಿರುಗಿಸಿ ಇಳಿಬಿಟ್ಟಿದೆ. ಇಷ್ಟು ಸ್ಪಷ್ಟವಿದ್ದರೆ ಸ್ಕ್ಯಾನ್ ಬೇಕಿಲ್ಲ, ತಪ್ಪಿದ ಕೀಲನ್ನೇ ನೇರವಾಗಿ ಅದರ ಜಾಗಕ್ಕೆ ಕೂರಿಸಿ. ಹೇಗಾಯಿತೆಂದು ಯಾರೂ ನೋಡಿಲ್ಲ ಎನ್ನುವಾಗ, ಅಥವಾ ಬಿದ್ದದ್ದೂ ಇದೆ ಎಳೆದದ್ದೂ ಇದೆ ಎನ್ನುವಾಗ ಪ್ಯಾಡ್ ನೋಡುವುದು ಬಹಳ ಸಹಾಯಕ. ಎದ್ದಿದ್ದರೆ ಕೈ ತಿರುಚಬೇಡಿ, ಎಕ್ಸ್‌ರೇ ಮೊದಲು. ಎದ್ದಿಲ್ಲದಿದ್ದರೆ, ಊತವೂ ಇಲ್ಲದಿದ್ದರೆ, ಹೈಪರ್‌ಪ್ರೊನೇಷನ್ ಪ್ರಯತ್ನಿಸಿ: ಒಂದು ಕೈಯಲ್ಲಿ ಮೊಣಕೈ ಹಿಡಿದು ಬೆರಳನ್ನು ರೇಡಿಯಲ್ ಹೆಡ್ ಮೇಲಿಟ್ಟು, ಇನ್ನೊಂದರಲ್ಲಿ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ತಿರುಗಿಸಿ. ಸೂಪಿನೇಷನ್ ಮಾಡಿ (ಅಂಗೈ ಮೇಲಾಗುವಂತೆ ತಿರುಗಿಸಿ) ಮಡಚುವ ಹಳೆಯ ವಿಧಾನಕ್ಕಿಂತ ಇದು ಮೊದಲ ಸಲಕ್ಕೇ ಹೆಚ್ಚು ಯಶಸ್ವಿ.

ಇನ್ನೂ ಚಿಕ್ಕ ಮಕ್ಕಳಲ್ಲಿ ಮೊಣಕೈ ತಪ್ಪಿದೆ ಎಂದು ಎಕ್ಸ್‌ರೇ ತೋರಿಸಿದರೆ ಅನುಮಾನ ಪಡಿ. ಆ ವಯಸ್ಸಿನಲ್ಲಿ ಅದು ಹ್ಯೂಮರಸ್‌ನ ಕೆಳಗಿನ ಕಾರ್ಟಿಲೇಜ್ ಭಾಗ ಇಡಿಯಾಗಿ ಬೇರ್ಪಟ್ಟ ಮುರಿತವಾಗಿರಬಹುದು. ಎಕ್ಸ್‌ರೇಗೆ ಕಾರ್ಟಿಲೇಜ್ ಕಾಣುವುದಿಲ್ಲ, ಅಲ್ಟ್ರಾಸೌಂಡ್‌ಗೆ ಕಾಣುತ್ತದೆ. ಇಂಥ ಗಾಯದ ಹಿಂದೆ ಮಗುವಿನ ಮೇಲೆ ನಡೆದ ಹಲ್ಲೆ ಇರುವ ಸಾಧ್ಯತೆಯನ್ನು ತಪ್ಪದೆ ಪರಿಶೀಲಿಸಬೇಕು.

ಫಲಿತಾಂಶ ಬಂದ ಮೇಲೆ

ಪ್ಯಾಡ್ ಎದ್ದಿಲ್ಲ, ಒಂದೇ ಬಿಂದುವಿನ ನೋವಿಲ್ಲ, ಮದ್ದು ಕೆಲಸ ಮಾಡಿದ ಮೇಲೆ ಮಗು ಕೈ ಆಡಿಸುತ್ತಿದೆ: ನಿಮ್ಮ ವಿಭಾಗದ ಪದ್ಧತಿ ಒಪ್ಪಿದರೆ ಎಕ್ಸ್‌ರೇ ಇಲ್ಲದೆ ಕಳುಹಿಸಬಹುದು. ವಾರದೊಳಗೆ ಕೈ ಮೊದಲಿನಂತಾಗದಿದ್ದರೆ ಬರಲೇಬೇಕೆಂದು ಹೇಳಿ.

ಎದ್ದಿದ್ದರೆ ಮುಂಭಾಗದ ಮತ್ತು ಪಾರ್ಶ್ವದ ಎಕ್ಸ್‌ರೇ ಮಾಡಿಸಿ. ಅದರಲ್ಲಿ ಮುರಿತ ಕಂಡರೆ ಮುಂದಿನ ದಾರಿ ಗೊತ್ತೇ ಇದೆ. ಕಾಣದಿದ್ದರೂ ಪ್ಯಾಡ್‌ನ ಮಾತನ್ನು ತಳ್ಳಿಹಾಕಬೇಡಿ. 1999ರ ಒಂದು ಅಧ್ಯಯನದಲ್ಲಿ, ಎಕ್ಸ್‌ರೇಯಲ್ಲಿ ಹಿಂಭಾಗದ ಫ್ಯಾಟ್ ಪ್ಯಾಡ್ ಎದ್ದಿದ್ದರೂ ಮುರಿತ ಕಾಣದ 45 ಮಕ್ಕಳಲ್ಲಿ 34 ಮಂದಿಗೆ ಮುರಿತವಿದ್ದದ್ದು ಆಮೇಲೆ ತಿಳಿಯಿತು. ಅಲ್ಟ್ರಾಸೌಂಡ್ ಇನ್ನೂ ಕಡಿಮೆ ರಕ್ತವನ್ನೂ ಹಿಡಿಯುವುದರಿಂದ ಅಲ್ಲಿ ಪ್ರಮಾಣ ಇಷ್ಟಿರಲಾರದು, ಆದರೆ ನಡೆ ಒಂದೇ: ಮೊಣಕೈ ಮೇಲಿನವರೆಗೆ ಹಿಂಬದಿ ಪ್ಲಾಸ್ಟರ್ ಸ್ಲ್ಯಾಬ್, ತೂಗುಪಟ್ಟಿ, ಒಂದು ವಾರದ ಆಸುಪಾಸಿನಲ್ಲಿ ಆರ್ಥೋ ಪರೀಕ್ಷೆ. ಸ್ಲ್ಯಾಬ್‌ನಲ್ಲಿ 90 ಡಿಗ್ರಿಗಿಂತ ಹೆಚ್ಚು ಮಡಚಬೇಡಿ, ಊತವಿದ್ದರೆ ಇನ್ನೂ ಕಡಿಮೆ, ಇಲ್ಲವಾದರೆ ಮುಂದೋಳಿಗೆ ರಕ್ತ ಹೋಗುವುದು ಕಷ್ಟವಾಗುತ್ತದೆ. ಸ್ಲ್ಯಾಬ್ ಕಟ್ಟಿದ ಮೇಲೆ ನಾಡಿಯನ್ನೂ ಬೆರಳುಗಳನ್ನೂ ಮತ್ತೆ ನೋಡಿ ಬರೆಯಿರಿ.

ಪೆಟ್ಟಿನ ಹಿನ್ನೆಲೆಯೇ ಇಲ್ಲದೆ ಪ್ಯಾಡ್ ಎದ್ದಿದ್ದರೆ ಯೋಚನೆ ಬೇರೆ ದಾರಿ ಹಿಡಿಯಬೇಕು. ಜ್ವರವಿದ್ದರೆ ಕೀಲಿನಲ್ಲಿ ಕೀವು, ಮನೆಯಲ್ಲಿ ಯಾರಿಗಾದರೂ ರಕ್ತಸ್ರಾವದ ಕಾಯಿಲೆ ಇದ್ದರೆ ಹಿಮೋಫಿಲಿಯಾ, ಬೆಳಗಿನ ಹೊತ್ತು ಕೀಲು ಬಿಗಿಯುವುದಿದ್ದರೆ ಮಕ್ಕಳ ಸಂಧಿವಾತ. ದ್ರವ ಇದೆ ಎಂದು ಅಲ್ಟ್ರಾಸೌಂಡ್ ಹೇಳುತ್ತದೆ, ಅದು ರಕ್ತವೋ ಕೀವೋ ಎಂದು ಖಚಿತವಾಗಿ ಹೇಳುವುದಿಲ್ಲ.

ವರದಿಯಲ್ಲಿ ‘ಮೊಣಕೈ ಸ್ಕ್ಯಾನ್ ನಾರ್ಮಲ್’ ಎಂದು ಬರೆಯಬೇಡಿ, ನೀವು ಇಡೀ ಮೊಣಕೈ ನೋಡಿಲ್ಲ. ಯಾವ ಕೈ, ಎಷ್ಟು ಡಿಗ್ರಿ ಮಡಚಿತ್ತು, ಉದ್ದ ನೋಟದಲ್ಲಿ ಪ್ಯಾಡ್ ಎದ್ದಿದೆಯೇ, ಅಡ್ಡ ನೋಟದಲ್ಲಿ ಎದ್ದಿದೆಯೇ, ಚುಕ್ಕಿಗಳಿರುವ ದ್ರವ ಇದೆಯೇ, ಚಿತ್ರದ ಗುಣಮಟ್ಟ ಹೇಗಿತ್ತು, ಇಷ್ಟು ಬರೆಯಿರಿ. ಎರಡು ನೋಟಗಳು ಒಂದಕ್ಕೊಂದು ಹೊಂದದಿದ್ದರೆ ಅದನ್ನೂ ಹಾಗೆಯೇ ಬರೆದು ಎಕ್ಸ್‌ರೇಗೆ ಕಳುಹಿಸಿ. ಮನೆಗೆ ಹೋಗುವವರಿಗೆ ಬೆರಳು ಬಿಳಿಚಿಕೊಂಡರೆ, ಜೋಮು ಹಿಡಿದರೆ, ಮದ್ದು ಕೊಟ್ಟರೂ ನೋವು ಏರುತ್ತಲೇ ಹೋದರೆ, ಬೆರಳುಗಳನ್ನು ನೇರ ಮಾಡಿದಾಗ ಮಗು ಚೀರಿದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಬರಬೇಕೆಂದು ಬಾಯಿಮಾತಿನಲ್ಲಿ ಹೇಳಿ, ಚೀಟಿಯಲ್ಲೂ ಬರೆದುಕೊಡಿ.